ಭಂಡಾರ ಹಚ್ಚಿದ ಲೇಥು

ಮನೆಯ ಮುಂದೆ ನಾಲ್ಕು ತಗಡು ಹೊದಿಸಿ, ಒಂದು ಜಾಕು, ನಟ್ಟು ಬಿಗಿಯುವ ಪಾನಾ ಒಂದು ಸೆಟ್ಟು ಇಟ್ಟುಕೊಂಡು ಗ್ಯಾರೇಜು ತೆರೆಯುವ ನಮ್ಮ ಕಡೆಯ ಹುಡುಗರಿಗೆ ಈಗ ಹೊಸದೊಂದು ಹುಚ್ಚು ಹತ್ತಿದೆ. ಎಲ್ಲರಿಗೂ ಸ್ವಂತದ್ದೊಂದು ಬ್ರೇಕ್ ಲೇಥು ಬೇಕು. ಹೊಸದು ಕೊಳ್ಳುವ ತಾಕತ್ತಿಲ್ಲ, ಆದ್ದರಿಂದ ಹಳೆಯದು. ಹಳೆಯದನ್ನು ನೋಡಿ ಗುರುತು ಹಿಡಿಯುವ ವಿದ್ಯೆ ಇಲ್ಲ, ಆದ್ದರಿಂದ ನಾನು. ಚಿಕ್ಕೋಡಿಯ ನನ್ನ ಮನೆಗೆ ವಾರಕ್ಕೊಬ್ಬನಾದರೂ ಬಂದು, ಚಪ್ಪಲಿ ಬಿಡುವ ಮೊದಲೇ ಫೋನು ಚಾಚಿ, "ಸಾಬರ, ಇದೊಂದ ಫೋಟೋ ನೋಡ್ರಿ, ಮಷೀನ್ ಹೆಂಗೈತಿ?" ಎನ್ನುತ್ತಾನೆ. ಫೋಟೋದಲ್ಲಿ ಲೇಥು ಯಾವಾಗಲೂ ಚೆನ್ನಾಗಿಯೇ ಇರುತ್ತದೆ. ಫೋಟೋ ಒಂದನ್ನೇ ನೋಡಿ ಮದುವೆಗೆ ಒಪ್ಪಿದವರು ಯಾರಾದರೂ ನಿಮ್ಮ ಓಣಿಯಲ್ಲಿದ್ದರೆ ಅವರನ್ನು ಕೇಳಿ, ಉಳಿದದ್ದನ್ನು ಹೇಳುತ್ತಾರೆ.

ನಾನು ಹುಸೇನಸಾಬ. ನಿಪ್ಪಾಣಿಯ ಒಂದು ವರ್ಕ್‌ಶಾಪಿನಲ್ಲಿ ಮೂವತ್ತಾರು ವರ್ಷ ಬ್ರೇಕ್ ಡ್ರಮ್ಮು ಕೆತ್ತಿದವನು. ಟರ್ನರ್ ಎಂದು ಸೇರಿದೆ, ಟರ್ನರ್ ಎಂದೇ ನಿವೃತ್ತನಾದೆ. ನಡುವೆ ಒಂದು ವರ್ಷ ಪಗಾರ ಹೆಚ್ಚಿಸಲು ಮನಸ್ಸಿಲ್ಲದ ಮಾಲಕರು ನನ್ನನ್ನು ಫೋರ್‌ಮನ್ ಎಂದು ಕರೆದರು. ಮರುವರ್ಷ ಅದನ್ನು ಅವರೂ ಮರೆತರು, ನಾನೂ ಮರೆತೆ. ಬೀಳ್ಕೊಡುವ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಇನ್ನು ಮೇಲೆ ಹೊತ್ತು ನೋಡುವುದೊಂದೇ ನನ್ನ ಕೆಲಸ ಎಂಬುದನ್ನು ಅಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಿರಲಿಲ್ಲ.

ಈ ಕಸುಬು ಗೊತ್ತಿಲ್ಲದವರಿಗೆ ಎರಡು ಮಾತು. ಲಾರಿ, ಟೆಂಪೋ, ಕಬ್ಬಿನ ಟ್ರೇಲರುಗಳ ಗಾಲಿಯೊಳಗೆ ಬೋಗುಣಿಯಂಥ ಬೀಡು ಕಬ್ಬಿಣದ ಡ್ರಮ್ಮು ಇರುತ್ತದೆ. ಬ್ರೇಕ್ ಒತ್ತಿದಾಗ ಒಳಗಿನ ಪಟ್ಟಿಗಳು ಅದರ ಒಳಮೈಗೆ ಉಜ್ಜಿ ಗಾಡಿಯನ್ನು ನಿಲ್ಲಿಸುತ್ತವೆ. ಉಜ್ಜಿ ಉಜ್ಜಿ ಡ್ರಮ್ಮು ಸೊಟ್ಟಗಾಗುತ್ತದೆ. ಅದನ್ನು ಲೇಥಿನ ದಂಡಕ್ಕೆ ಏರಿಸಿ, ತಿರುಗಿಸುತ್ತ, ಕೂದಲೆಳೆಯಷ್ಟು ಕೆತ್ತಿ ಮತ್ತೆ ದುಂಡಗೆ ಮಾಡುವುದು ನಮ್ಮ ಕೆಲಸ. ಲೇಥೇ ಸೊಟ್ಟಗಿದ್ದರೆ ದುಂಡಗಿದ್ದ ಡ್ರಮ್ಮೂ ಸೊಟ್ಟಗಾಗಿ ಹೊರಬರುತ್ತದೆ. ಆ ಸುದ್ದಿ ಡ್ರೈವರನಿಗೆ ಇಳಿಜಾರಿನಲ್ಲಿ ಮುಟ್ಟುತ್ತದೆ.

ಹಳೆಯ ಲೇಥು ಕೊಳ್ಳುವ ಮೊದಲು ಅದು ಬ್ರೇಕ್ ಲೇಥೇ ಹೌದೋ ಎಂದು ನೋಡಿ. ನಗಬೇಡಿ. ಕಬ್ಬೂರಿನ ಒಬ್ಬ ಜಾಣ ಹಸಿರು ಬಣ್ಣದ ಮಷೀನೊಂದನ್ನು ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಮಾಡಿ ತಂದು, ಇಡೀ ಓಣಿಗೆ ಪೇಢೆ ಹಂಚಿದ ಮೇಲೆ ನನ್ನನ್ನು ಕರೆದ. ನಾನು ಬೋಲ್ಟುಗಳ ಸಂದಿಯಲ್ಲಿ ಬೆರಳಾಡಿಸಿದೆ. ಕಟ್ಟಿಗೆಯ ಹೊಟ್ಟು ಬಂತು.

"ಇದರಾಗ ಏನ ಕೆತ್ತತಿದ್ವಿ ಅಂತ ಹೇಳ್ಯಾರೋ?"

"ಲಾರಿ ಡ್ರಮ್ಮರಿ. ದೊಡ್ಡ ದೊಡ್ಡ ಲಾರಿದು."

"ಲಾರಿದಲ್ಲೋ ತಮ್ಮಾ. ಮಂಚದ ಕಾಲು."

ಅವನು ಪೇಢೆಯ ಡಬ್ಬಿಯನ್ನು ನನ್ನ ಮುಂದೆ ಹಿಡಿದ. ಒಂದೇ ಉಳಿದಿತ್ತು. ತಿಂದೆ.

ಹೊಸ ಬಣ್ಣ ಕಂಡರೆ ಸಂತೋಷಪಡಬೇಡಿ, ಕಾರಣ ಕೇಳಿ. ಹೆಸರಿನ ತಗಡು ಹಳೆಯದಿದ್ದು ಅದರ ಮೊಳೆ ಹೊಸದಾಗಿ ಹೊಳೆಯುತ್ತಿದ್ದರೆ ಆ ತಗಡು ಬೇರೆ ಮನೆಯಿಂದ ದತ್ತು ಬಂದದ್ದು. ಮಾರುವವರೆಲ್ಲ "ಬರೇ ಐತವಾರಕ್ಕೊಮ್ಮೆ ಚಾಲೂ ಮಾಡ್ತಿದ್ವಿರಿ" ಎನ್ನುತ್ತಾರೆ. ಇಷ್ಟು ವರ್ಷಗಳಲ್ಲಿ ಸೋಮವಾರ ಓಡಿದ ಲೇಥು ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇಷ್ಟಾದ ಮೇಲೆ ಗೀರಿನ ಪರೀಕ್ಷೆ. ಡ್ರಮ್ಮನ್ನು ದಂಡಕ್ಕೆ ಕಟ್ಟಿ, ಕೆತ್ತುವ ಉಳಿಯ ಮೊನೆ ತಾಗಿತೋ ಇಲ್ಲವೋ ಎಂಬಷ್ಟು ಹಗುರವಾಗಿ ಒಳಮೈಗೆ ಒಂದು ಗೀರು ಎಳೆಯಬೇಕು. ಸುತ್ತಲೂ ಒಂದೇ ಸಮ ಗೀರು ಬಿದ್ದರೆ ಸರಿ. ಒಂದೇ ಕಡೆ ಬಿದ್ದರೆ ಡ್ರಮ್ಮು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಕಟ್ಟಿ, ಪಕ್ಕದಲ್ಲೇ ಇನ್ನೊಂದು ಗೀರು. ಎರಡನೆಯದು ಮೊದಲನೆಯದರ ಪಕ್ಕದಲ್ಲೇ ಬಿದ್ದರೆ ತಪ್ಪು ಡ್ರಮ್ಮಿನದು. ಎದುರು ಕಡೆಗೆ ಬಿದ್ದರೆ ತಪ್ಪು ಲೇಥಿನದು. ಆದರೆ ತಣ್ಣಗಿರುವ ಲೇಥು ಬೀಗರ ಮುಂದೆ ಕೂತ ಅಳಿಯನಷ್ಟು ಸಭ್ಯವಾಗಿರುತ್ತದೆ. ಅರ್ಧ ತಾಸು ಓಡಿಸಿ, ಅದರ ಮೈ ಬಿಸಿಯಾದ ಮೇಲೆ ಗೀರು ಎಳೆಯಿರಿ. ಬೇರಿಂಗು ಕೂರುವ ಮನೆ ಬಿರುಕು ಬಿಟ್ಟಿದ್ದರೆ ಆಗ ನಿಜ ಹೊರಬೀಳುತ್ತದೆ. ಇದನ್ನು ನನಗೆ ಯಾವ ಗುರುವೂ ಕಲಿಸಲಿಲ್ಲ. ಹೇಗೆ ಕಲಿತೆ ಎಂದು ಹೇಳುವುದಕ್ಕೇ ಈ ಬರಹ ಶುರು ಮಾಡಿದ್ದು, ಧೈರ್ಯ ಸಾಲದೆ ಇಲ್ಲಿಯತನಕ ಮಂಚದ ಕಾಲು ಹಿಡಿದುಕೊಂಡು ಕೂತಿದ್ದೆ.

ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಅದು. ನನ್ನ ನಿಕಾಹ್ ಗೊತ್ತಾಗಿ ವಾರವಾಗಿತ್ತು, ತಲೆ ವರ್ಕ್‌ಶಾಪಿನಲ್ಲಿ ಇರಲಿಲ್ಲ. ತಂಬಾಕಿನ ಲಾರಿಯೊಂದರ ಡ್ರಮ್ಮು ಏರಿಸಿ, ದಂಡದ ನಟ್ಟು ಬಿಗಿದು, ಕೈಯುದ್ದದ ಪಾನಾವನ್ನು ನಟ್ಟಿನ ಮೇಲೆಯೇ ಬಿಟ್ಟು ಸ್ವಿಚ್ಚು ಒತ್ತಿದೆ. ಪಾನಾ ಒಂದು ಸುತ್ತು ಸುತ್ತಿ ಲೇಥಿನ ತಲೆಗೆ ಬಡಿಯಿತು. ಬೇರಿಂಗಿನ ಮನೆ ಅಂಗೈಯಗಲ ಸೀಳಿತು.

ಮಾಲಕರ ಹೆಸರು ಅಣ್ಣಾಸಾಹೇಬ. ಊಟ ಮುಗಿಸಿ ಬಂದವರು ನೋಡಿದರು. ಬೈಯಲಿಲ್ಲ. ನಾನು ಹೆದರಬೇಕಾಗಿದ್ದದ್ದು ಅದಕ್ಕೇ. ಬೆಸುಗೆಯವನನ್ನು ಕರೆಸಿ ಬಿರುಕಿಗೆ ಹಿತ್ತಾಳೆ ತುಂಬಿಸಿ ನಯಮಾಡಿಸಿದರು. ಕಪ್ಪು ಬೀಡಿನ ಮೇಲೆ ಹಳದಿ ಗೆರೆಯೊಂದು ಎದ್ದು ಕಾಣುತ್ತಿತ್ತು. ಬಣ್ಣ ಬಳಿದರೆ ಬಿಸಿಗೆ ಸುಲಿದು ಬಂತು. ಮರುದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಮಷೀನುಗಳ ಪೂಜೆ ತಪ್ಪುವುದಿಲ್ಲ. ಅಣ್ಣಾಸಾಹೇಬರು ಮಂಗಸೂಳಿಯ ಮಲ್ಲಯ್ಯನ ಭಂಡಾರವನ್ನು, ಅಂದರೆ ಆ ಗುಡಿಯ ಅರಿಸಿನ ಪುಡಿಯನ್ನು, ಎಣ್ಣೆಯಲ್ಲಿ ಕಲೆಸಿ ಸರಿಯಾಗಿ ಆ ಹಳದಿ ಗೆರೆಯ ಮೇಲೆ ಮೆತ್ತಿದರು. ನಡುವೆ ಒಂದು ಕುಂಕುಮದ ಬೊಟ್ಟು, ಮೇಲೊಂದು ಚೆಂಡುಹೂ.

"ಬಘ್, ನೋಡ ಹುಸೇನ್, ಇನ್ನ ಇದ ದೇವ್ರ ಜಾಗಾ," ಎಂದರು. "ದೇವ್ರ ಜಾಗಾ ಯಾರೂ ಕೆರ್ಯೂದಿಲ್ಲ. ನೀ ಅಂತೂ ಮೊದ್ಲ ಮುಟ್ಟಾಂವಲ್ಲ."

ಮನುಷ್ಯರನ್ನು ಅವರು ಚೆನ್ನಾಗಿ ಓದಿದ್ದರು. ಇನ್ನೊಬ್ಬರ ಪೂಜೆಗೆ ಕೈ ಹಚ್ಚಬಾರದು ಎಂಬುದು ನನ್ನ ತಾಯಿ ಕಲಿಸಿದ ಮರ್ಯಾದೆ. ಆ ಮರ್ಯಾದೆಯ ಹಿಂದೆ ನನ್ನ ಅಂಜಿಕೆಯೂ ಆರಾಮಾಗಿ ಕಾಲು ಚಾಚಿ ಕೂರಬಹುದೆಂದು ನನಗೆ ಅಂದೇ ಗೊತ್ತಾಯಿತು.

ಎರಡು ವಾರಕ್ಕೆ ರಾಯಬಾಗದ ಬಸಪ್ಪ ಲೇಥು ಕೊಳ್ಳಲು ಬಂದ. ಮನೆಯ ಮುಂದಿನ ಜಾಗದಲ್ಲಿ ಗ್ಯಾರೇಜು ಹಾಕುವವನಿದ್ದ. ಅಣ್ಣಾಸಾಹೇಬರು ಹೊಗಳಿದ್ದನ್ನೆಲ್ಲ ಕೇಳಿ ನನ್ನ ಕಡೆ ತಿರುಗಿದ.

"ಮಾಲಕ್ರ ಮಾತ ಮಾರಾವ್ರ ಮಾತರಿ. ದಿನಾ ಓಡ್ಸಾವ್ರ ನೀವು. ಖರೇ ಹೇಳ್ರಿ ಸಾಬರ, ಹೆಂಗೈತಿ?"

"ಬಂಗಾರದಂಗೈತಿ," ಎಂದೆ.

ಹಳದಿ ಲೋಹವಂತೂ ಅದರಲ್ಲಿ ಇತ್ತು. ಅಷ್ಟರಮಟ್ಟಿಗೆ ನಾನು ಸುಳ್ಳು ಹೇಳಲಿಲ್ಲ ಎಂದು ಬಹಳ ದಿನ ಸಮಾಧಾನಪಟ್ಟುಕೊಂಡೆ.

ಮೂರು ತಿಂಗಳಿಗೆ ಬಸಪ್ಪ ಸೊಟ್ಟ ಡ್ರಮ್ಮೊಂದನ್ನು ಹೊತ್ತು ಬಂದ. ಮುಂಜಾನೆಯ ಮೊದಲ ಡ್ರಮ್ಮು ಸರಿ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಸೊಟ್ಟ ಎಂದ. ಬಿಸಿಯಾದ ಮೇಲೆ ಬಿರುಕು ಆಡುತ್ತದೆ ಎಂದು ನಾನು ಕಲಿತದ್ದು ಆಗ. ನನ್ನ ಗುರು ಬಸಪ್ಪನೇ, ಪಾಪ, ಅವನಿಗೆ ಅದು ಗೊತ್ತಿರಲಿಲ್ಲ. ಅಣ್ಣಾಸಾಹೇಬರು ಗಂಭೀರವಾಗಿ ವಿಚಾರಣೆ ನಡೆಸಿದರು.

"ಅಮಾಶಿ ಪೂಜಿ ಮಾಡ್ತಿಯಿಲ್ಲೋ?"

"ತಪ್ಸಿಲ್ಲರಿ."

"ಭಂಡಾರ ಎಷ್ಟ ಹಚ್ತಿ?"

"ಒಂದ ಚಿಮಟಿರಿ."

"ಚಿಮಟಿ ಹಚ್ಚಿದ್ರ ಚಿಮಟಿಯಷ್ಟ ಕೆಲಸ ಮಾಡತೈತಿ!"

ಬಸಪ್ಪ ಅಲ್ಲಿಂದ ನೇರವಾಗಿ ಮಂಗಸೂಳಿಗೆ ಹೋಗಿ ಚೀಲ ತುಂಬ ಭಂಡಾರ ತಂದ. ತಿಂಗಳು ತಿಂಗಳು ಅದು ದಪ್ಪವಾಗುತ್ತ ಹೋಯಿತು, ಡ್ರಮ್ಮುಗಳು ಸೊಟ್ಟಗಾಗುತ್ತಲೇ ಹೋದವು. ಒಂದು ದಿನ ಅವನು ಕೆತ್ತಿಕೊಟ್ಟ ಡ್ರಮ್ಮಿನ ಟೆಂಪೋ, ಬ್ರೇಕ್ ಒತ್ತಿದ ಕೂಡಲೇ ಪಕ್ಕಕ್ಕೆ ಎಳೆದು ಕಬ್ಬಿನ ಹೊಲಕ್ಕೆ ನುಗ್ಗಿತು. ಕಬ್ಬು ಎತ್ತರ ಬೆಳೆದಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಬಸಪ್ಪನಿಗೆ ಮಾತ್ರ ಆಯಿತು. ಅವನು ಗ್ಯಾರೇಜು ಮುಚ್ಚಿ, ಲೇಥು ಮಾರಿ, ಬಸ್‌ಸ್ಟ್ಯಾಂಡಿನ ಹತ್ತಿರ ಚಹಾದ ಅಂಗಡಿ ಹಾಕಿದ.

ಆಮೇಲೆ ರಾಯಬಾಗಕ್ಕೆ ಹೋದಾಗಲೆಲ್ಲ ಅವನು ನನ್ನನ್ನು ಕರೆದು ಚಹಾ ಕೊಡುತ್ತಿದ್ದ, ದುಡ್ಡು ಮುಟ್ಟುತ್ತಿರಲಿಲ್ಲ. "ನಿಮ್ಮ ಕಡಿಂದ ಹೆಂಗ ತಗೋಳ್ಲಿರಿ? ಮಾಲಕನ ಮುಂದ ನಿಂತು ಖರೇ ಮಾತಾಡಿದವ್ರು ನೀವೊಬ್ರ. ಮಷೀನ್ ಚಲೋನ ಇತ್ತು, ನನ್ನ ಕೈಗುಣಾನ ಸರಿಯಿಲ್ಲ," ಎನ್ನುತ್ತಿದ್ದ. ಆ ಚಹಾ ನಾನು ವರ್ಷಗಟ್ಟಲೆ ಕುಡಿದೆ. ಸಕ್ಕರೆ ಕಡಿಮೆ ಎಂದು ಒಮ್ಮೆ ದೂರಿದ್ದೂ ಉಂಟು.

ಲೇಥು ನನಗೆ ಮತ್ತೆ ಸಿಕ್ಕಿದ್ದು ಅಥಣಿಯಲ್ಲಿ. ನೀಲಿ ಬಣ್ಣ ಬಳಿದಿದ್ದರೂ ಬಾಗಿಲಲ್ಲೇ ಗುರುತು ಹಿಡಿದೆ, ಏಕೆಂದರೆ ಹೊಸ ಮಾಲೀಕನೂ ಭಂಡಾರವನ್ನು ಅದೇ ಜಾಗಕ್ಕೆ ಹಚ್ಚಿದ್ದ. ಹಿಂದಿನವರು ಅಲ್ಲಿ ಹಚ್ಚಿದ್ದಾರೆ ಎಂದಮೇಲೆ ಈ ಮಷೀನಿನ ದೇವರು ಅಲ್ಲೇ ಇರಬೇಕು ಎಂದು ಅವನ ತರ್ಕ. ನನ್ನ ತಪ್ಪಿಗೆ ಒಂದು ಗುಡಿಯೇ ಎದ್ದಿತ್ತು, ಊರೂರಿಗೆ ಅರ್ಚಕರೂ ಸಿಕ್ಕಿದ್ದರು. ಅಷ್ಟರಲ್ಲಿ ನನಗೂ ಹಳೆಯ ಲೇಥು ನೋಡುವವನೆಂದು ಹೆಸರು ಬಂದಿತ್ತು. ಕೊಳ್ಳಲೆಂದು ನನ್ನನ್ನು ಜೊತೆಗೆ ಕರೆತಂದವನಿಗೆ "ಇದ ನಿನಗ ಸಣ್ಣದಾಗತೈತಿ" ಎಂದು ಹೇಳಿ ಹೊರಡಿಸಿದೆ. ಒಂದು ತಿಂಗಳಲ್ಲಿ ಬೇರೆ ಊರಿನವನೊಬ್ಬ ಕೊಂಡ. ನನ್ನ ಜೊತೆ ಬಂದವರನ್ನು ಉಳಿಸುವುದು, ಉಳಿದವರನ್ನು ಮಲ್ಲಯ್ಯನಿಗೆ ಬಿಡುವುದು, ಇದು ನನ್ನ ಪ್ರಾಮಾಣಿಕತೆಯ ಅಳತೆಯಾಗಿತ್ತು.

ಇಷ್ಟರಲ್ಲಿ ಕಾಲ ಬದಲಾಯಿತು. ಕಾರುಗಳಿಗೆ ಡ್ರಮ್ಮು ಹೋಗಿ ತಟ್ಟೆಯಂಥ ಡಿಸ್ಕು ಬಂತು. ಗೀರು ಎಳೆಯುವ ಬದಲು ಮುಳ್ಳಿನ ಗೇಜು ಹಿಡಿಯುವವರು ಬಂದರು. ಮುಳ್ಳು ಎಷ್ಟು ಆಡಿತು ಎಂದು ಅದು ಹೇಳುತ್ತದೆ, ಯಾಕೆ ಆಡಿತು ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ನಮ್ಮಂಥವರು, ನಮ್ಮ ಕಥೆ ನೀವು ಓದುತ್ತಿದ್ದೀರಿ.

ನಿವೃತ್ತನಾದ ಮೇಲೆ ಐಗಳಿಯ ಸಾವಿತ್ರಿ ಬಂದಳು. ಐಟಿಐ ಮುಗಿಸಿ ಐದು ವರ್ಷ ಅಥಣಿಯ ಗ್ಯಾರೇಜಿನಲ್ಲಿ ಬ್ರೇಕ್ ಕೆಲಸ ಮಾಡಿದವಳು. ನಾನು ಅಲ್ಲಿಗೆ ಹೋದಾಗಲೆಲ್ಲ ಬೆನ್ನು ಹತ್ತಿ, ಗೀರಿನ ಪರೀಕ್ಷೆಯನ್ನು ನನ್ನಿಂದಲೇ ಕಲಿತಿದ್ದಳು. ಈಗ ಮನೆಯ ಮುಂದೆ ತನ್ನದೇ ಗ್ಯಾರೇಜು ಹಾಕುವವಳು.

"ಮೊದ್ಲ ನಮ್ಮಪ್ಪನ ಟೆಂಪೋದ ಡ್ರಮ್ಮ ಕೆತ್ತತೇನ್ರಿ," ಎಂದಳು. "ದಿನಾ ಹದಿನಾಲ್ಕ ಹುಡುಗ್ರನ ಅಥಣಿ ಸಾಲಿಗೆ ಒಯ್ತಾನು. ಮಂಗಸೂಳ್ಯಾಗ ಒಂದ ಲೇಥ್ ಐತಂತ. ನೀವು ಹೂಂ ಅಂದ್ರ ತಗೋತೇನಿ, ಇಲ್ಲಂದ್ರ ಇಲ್ಲ."

ಕಾಗವಾಡದ ತನಕ ಬಸ್ಸು, ಅಲ್ಲಿಂದ ಅವಳ ಬೈಕು. ಮಾರುವವನ ಹೆಸರು ಗಜಾನನ. ಅವನ ಮುದಿ ತಾಯಿ ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ಕೆಂಪು ಬಣ್ಣ ಬಳಿದ ಲೇಥು, ತಲೆಯ ಮೇಲೆ ಎರಡು ಬೆರಳು ದಪ್ಪ ಭಂಡಾರ. ನಾಲ್ಕು ಊರು ಸುತ್ತಿ ಅದು ಕೊನೆಗೂ ತನ್ನ ದೇವರ ಊರಿಗೇ ಬಂದು ಸೇರಿತ್ತು.

"ಇದ ನಿನಗ ಸಣ್ಣದಾಗತೈತವ್ವಾ," ಎಂದೆ, ರೂಢಿಯಂತೆ.

"ಸಣ್ಣದ್ಯಾಕ್ರಿ?" ಎಂದು ಟೇಪು ಹಿಡಿದಳು. "ಟೆಂಪೋದ ಡ್ರಮ್ಮಿಗೆ ಬರೋಬ್ಬರಿ ಐತಲ್ಲ."

ಪರೀಕ್ಷೆಗೆಂದು ತಂದಿದ್ದ ಡ್ರಮ್ಮನ್ನು ಅವಳೇ ಏರಿಸಿ ಗೀರು ಎಳೆದಳು. ಸುತ್ತಲೂ ಸಮ ಬಿತ್ತು. ಗಜಾನನನ ಮುಖ ಅರಳಿತು. "ಈಗ ಅರ್ಧ ತಾಸ ಓಡಲಿ," ಎಂದಳು ಸಾವಿತ್ರಿ. ಅದನ್ನು ಕಲಿಸಿದವನು ನಾನೇ. ಅಷ್ಟು ಚೆನ್ನಾಗಿ ಯಾಕೆ ಕಲಿಸಿದೆ ಎಂದು ಮೊದಲ ಸಲ ನೊಂದುಕೊಂಡೆ. ಚಹಾ ಬಂತು, ಹೋಯಿತು. ಲೇಥು ಬಿಸಿಯಾಯಿತು. ಈ ಸಲ ಮೊದಲ ಗೀರು ಈ ಕಡೆ, ಎರಡನೆಯದು ಎದುರು ಕಡೆ ಬಿತ್ತು.

"ನಿಮ್ಮ ಡ್ರಮ್ಮ ಸೊಟ್ಟೈತ್ರಿ," ಎಂದ ಗಜಾನನ.

"ಅರ್ಧ ತಾಸಿನ್ಯಾಗ ಸೊಟ್ಟ ಆತೇನು?" ಎಂದಳು ಅವಳು. ಆಮೇಲೆ ನನ್ನ ಕಡೆ ತಿರುಗಿ, "ಬೇರಿಂಗ್ ಅಷ್ಟ ಹೋಗಿರಬೇಕು. ಹೊಸಾದ ಹಾಕಿದ್ರ ನಡೀತೈತಿ, ಹೌದಲ್ರಿ ಸಾಬರ?"

"ಬೇರಿಂಗ್ ನಾ ಹಾಕ್ಸಿಕೊಡ್ತೇನ್ರಿ!" ಎಂದ ಗಜಾನನ.

ಒಂದು "ಹೂಂ" ಸಾಕಿತ್ತು. ಸೀಳಿದ ಮನೆಗೆ ಹೊಸ ಬೇರಿಂಗು ಹಾಕಿ, ಸೊಟ್ಟ ಡ್ರಮ್ಮು ಕೆತ್ತಿ, ತನ್ನ ಕೈಯಾರೆ ತಂದೆಯ ಗಾಡಿಗೆ ಕಟ್ಟುತ್ತಿದ್ದಳು. ಎಲ್ಲ ಇಳಿಜಾರಿನ ಪಕ್ಕದಲ್ಲೂ ಕಬ್ಬು ಬೆಳೆದಿರುವುದಿಲ್ಲ. "ಬ್ಯಾಡ" ಎಂದೂ ಹೇಳಬಹುದಿತ್ತು, ಆದರೆ "ಯಾಕ್ರಿ?" ಎಂದು ಕೇಳದೆ ಬಿಡುವ ಹುಡುಗಿಯಲ್ಲ ಅವಳು.

"ಆ ಭಂಡಾರ ತಗೀಬೇಕು," ಎಂದೆ.

ಗಜಾನನ ಎದ್ದು ನಿಂತ. "ಏ ಸಾಬರ, ದೇವ್ರ ಜಾಗಾ ಐತ್ರಿ ಅದು! ಹಿಂದಿನವ್ರೂ ಅಲ್ಲೇ ಹಚ್ಚತಿದ್ರು."

"ಅಲ್ಲೆ ದೇವ್ರಿಲ್ಲಪಾ. ಅಲ್ಲೆ ನಾ ಅದೇನಿ."

ಯಾರಿಗೂ ಅರ್ಥವಾಗಲಿಲ್ಲ. ಹೇಳಬೇಕಾಯಿತು. ನಟ್ಟಿನ ಮೇಲೆ ಬಿಟ್ಟ ಪಾನಾ, ಹಿತ್ತಾಳೆ, ಅಣ್ಣಾಸಾಹೇಬರು, ಬಸಪ್ಪ, ಎಲ್ಲವನ್ನೂ ನಿಂತಲ್ಲೇ ಹೇಳಿದೆ. ಇಷ್ಟು ವಯಸ್ಸಾದವನು ಮಗಳ ವಯಸ್ಸಿನವಳ ಮುಂದೆ ಹಾಗೆ ನಿಂತಾಗ ಎಷ್ಟು ನಾಚಿಕೆಯಾಗುತ್ತದೆ ಎಂಬುದನ್ನು ತಮಾಷೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಹೊಸ್ತಿಲ ಮೇಲಿದ್ದ ಮುದುಕಿ ಎದ್ದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಲೇಥಿನ ಹತ್ತಿರ ಬಂದು, ಸೆರಗು ಹಿಡಿದು, ಭಂಡಾರವನ್ನು ಉಗುರಿನಿಂದ ಹಕ್ಕಳೆ ಹಕ್ಕಳೆಯಾಗಿ ಬಿಡಿಸಿ ಸೆರಗಿಗೆ ಹಾಕಿಕೊಂಡಳು. ಒಂದು ಚೂರೂ ನೆಲಕ್ಕೆ ಬೀಳಲಿಲ್ಲ. ಕಣ್ಣಿಗೆ ಒತ್ತಿಕೊಂಡು ಗಂಟು ಕಟ್ಟಿದಳು.

"ಮಲ್ಲಯ್ಯನ್ನ ನಾ ತಗೊಂಡೇನಿ," ಎಂದಳು ನನಗೆ. "ಇನ್ನ ಉಳದದ್ದ ನಿಂದು. ನೀ ವರಸ್ಕೋ."

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಹಿತ್ತಾಳೆಯ ಗೆರೆ ಕಂಡಿತು. ಅದರ ಎರಡೂ ಬದಿಗೆ ಕೂದಲಿನಂಥ ಹೊಸ ಬಿರುಕುಗಳು ಎದ್ದಿದ್ದವು. ಗಜಾನನ ಬಗ್ಗಿ ನೋಡಿದ. ಅವನಿಗೂ ಯಾರೋ ಬಂಗಾರದಂಥದ್ದು ಎಂದೇ ಹೇಳಿ ಮಾರಿದ್ದರು.

ಸಾವಿತ್ರಿ ಒಂದೇ ಮಾತು ಕೇಳಿದಳು. "ಬಸಪ್ಪ ಕಾಕಾಗ ಹೇಳೀರೇನ್ರಿ?"

"ಇಲ್ಲವ್ವಾ."

ಅವಳು ಬೈಕು ಹತ್ತಿ ಹೋದಳು. ಬರುವಾಗ ಹಿಂದೆ ಕೂರಿಸಿಕೊಂಡಿದ್ದವಳು ಹೋಗುವಾಗ ಕರೆಯಲಿಲ್ಲ. ನಾನು ಗಜಾನನನಿಂದ ಲೇಥನ್ನು ಗುಜರಿಯ ದರಕ್ಕೆ ಕೊಂಡು, ಅವನದೇ ಸುತ್ತಿಗೆ ಇಸಿದುಕೊಂಡು ಅದರ ತಲೆಯನ್ನು ನಾಲ್ಕು ಹೋಳು ಮಾಡಿದೆ. ಮೊದಲ ಸಲ ಅರ್ಧಕ್ಕೆ ಬಿಟ್ಟಿದ್ದ ಕೆಲಸ, ಪೂರ್ತಿ ಮಾಡಲು ಇಷ್ಟು ವರ್ಷ ಹಿಡಿಯಿತು.

ಮರುದಿನ ರಾಯಬಾಗಕ್ಕೆ ಹೋದೆ. ಬಸಪ್ಪ ಎಂದಿನಂತೆ ಚಹಾ ಇಟ್ಟ. ಕುಡಿಯುವ ಮೊದಲೇ ಎಲ್ಲ ಹೇಳಿದೆ. ಅವನು ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡ, ಯಾರೋ ಅವನ್ನು ಆಗಷ್ಟೇ ಹಿಂದಿರುಗಿಸಿದಂತೆ. ಒಲೆಯ ಮೇಲೆ ಹಾಲು ಉಕ್ಕಿತು, ಇಳಿಸಲಿಲ್ಲ. ನಾನು ಎದ್ದಾಗ, "ಚಾದ ರೊಕ್ಕಾ ಕೊಟ್ಟ ಹೋಗ್ರಿ," ಎಂದ. ಕೊಟ್ಟೆ. ಚಿಲ್ಲರೆ ಎಣಿಸಿ ಕೊಟ್ಟ.

ಎರಡು ತಿಂಗಳ ಮೇಲೆ ಸಾವಿತ್ರಿಯ ಫೋನು ಬಂತು. ಚಿಕ್ಕೋಡಿಯಲ್ಲಿ ಒಂದು ಲೇಥು ಕೊಂಡಿದ್ದಳು, ಬಿಸಿ ಮಾಡಿ ಪರೀಕ್ಷೆ ಮುಗಿಸಿಯೇ. ನನ್ನನ್ನು ಕೇಳಿರಲಿಲ್ಲ. ಐಗಳಿಗೆ ಹೋದೆ. ಅವಳ ತಾಯಿ ಲೇಥಿನ ತಲೆಗೆ ಅರಿಸಿನ ಕುಂಕುಮ ಹಚ್ಚಿ ಹೂ ಇಟ್ಟಿದ್ದಳು. ತಂದೆ ಟೆಂಪೋದ ಗಾಲಿ ಬಿಚ್ಚಿ ಕಾಯುತ್ತಿದ್ದ. ಸಾವಿತ್ರಿ ಹೂವನ್ನು ಎತ್ತಿ ಪಕ್ಕಕ್ಕಿಟ್ಟು, ಸೀಮೆಎಣ್ಣೆಯ ಬಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

"ಮೊದ್ಲ ವರಸ್ರಿ."

ಎಲ್ಲರ ಎದುರಿಗೇ ಒರೆಸಿದೆ. ಕೆಳಗೆ ಬರೀ ಬೂದು ಬೀಡು, ಎಲ್ಲೂ ಗೆರೆಯಿಲ್ಲ. ಅವಳು ತಾಯಿಯ ಬಟ್ಟಲಿನಿಂದ ಕುಂಕುಮ ತೆಗೆದು ಅದೇ ಜಾಗಕ್ಕೆ ಬೊಟ್ಟು ಇಟ್ಟಳು.

"ಈಗ ಕುಂಡ್ರಲಿ ದೇವ್ರು," ಎಂದಳು.

ತಂದೆಯ ಡ್ರಮ್ಮನ್ನು ದಂಡಕ್ಕೆ ಏರಿಸಿ ನಟ್ಟು ಬಿಗಿದಳು. ಸ್ವಿಚ್ಚಿಗೆ ಕೈ ಹಾಕುವ ಮುಂಚೆ ಪಾನಾವನ್ನು ನನ್ನ ಮುಖದ ಮುಂದೆ ಎತ್ತಿ ಹಿಡಿದಳು.

"ಪಾನಾ ನನ್ನ ಕೈಯಾಗೈತಿ ಸಾಬರ, ನೋಡ್ಕೋರಿ," ಎಂದು ಸ್ವಿಚ್ಚು ಒತ್ತಿದಳು.